ಒಂದು ಶೀಸೆಯ ಕಳಂಕ ಹೊತ್ತ ಹಾಫ್ಕಿನ್

ಮಲಪ್ರಭೆಯ ದಡದ ರಾಮದುರ್ಗದಿಂದ ಹುಬ್ಬಳ್ಳಿ-ಧಾರವಾಡಗಳವರೆಗಿನ ಸೀಮೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗಿನ ಹೊಡೆತಕ್ಕೆ ತತ್ತರಿಸಿತ್ತು. ಇಲಿ ಸತ್ತು ಬಿದ್ದರೆ ಊರಿಗೆ ಊರೇ ಖಾಲಿಯಾಗುತ್ತಿತ್ತು. ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ದಿನ ನೂಕುತ್ತಿದ್ದರು. ಇಂಥ ಹೊತ್ತಿನಲ್ಲಿ, 1898ರಲ್ಲಿ, ಹುಬ್ಬಳ್ಳಿಯ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಹೊಸದೊಂದು ಲಸಿಕೆಗೆ ತೋಳೊಡ್ಡಿದರು. ಅದನ್ನು ರೂಪಿಸಿದಾತ ವಾಲ್ಡೆಮಾರ್ ಹಾಫ್ಕಿನ್. ಅವರ ಬದುಕು ವಿಜ್ಞಾನದ ಗೆಲುವಿನ ಕಥೆಯಷ್ಟೇ ಅಲ್ಲ, ಆಡಳಿತವೊಂದು ತನ್ನ ಉಪಕಾರಿಯನ್ನೇ ಹೇಗೆ ನಡೆಸಿಕೊಂಡಿತು ಎಂಬುದರ ದಾಖಲೆಯೂ ಹೌದು.

1860ರಲ್ಲಿ ಒಡೆಸ್ಸಾದ ಯಹೂದಿ ಕುಟುಂಬದಲ್ಲಿ ಜನಿಸಿದ ಹಾಫ್ಕಿನ್, ಮೆಚ್ನಿಕಾಫ್‌ರ ಶಿಷ್ಯರು. ಮತಾಂತರಕ್ಕೆ ಒಪ್ಪದ ಕಾರಣ ರಷ್ಯಾದಲ್ಲಿ ಅವರಿಗೆ ಅಧ್ಯಾಪಕ ವೃತ್ತಿಯ ಬಾಗಿಲು ಮುಚ್ಚಿತು. 1889ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದ್ದು ಗ್ರಂಥಪಾಲಕರಾಗಿ. ಅಲ್ಲಿಯೇ ಕಾಲರಾ ಲಸಿಕೆ ಸಿದ್ಧಪಡಿಸಿ, 1892ರ ಜುಲೈನಲ್ಲಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದರು.

1896ರಲ್ಲಿ ಮುಂಬಯಿಗೆ ಪ್ಲೇಗ್ ಕಾಲಿಟ್ಟಾಗ ಗ್ರಾಂಟ್ ವೈದ್ಯಕೀಯ ಕಾಲೇಜಿನ ಒಂದು ಕೊಠಡಿ, ಒಂದು ಮೊಗಸಾಲೆಯೇ ಅವರ ಪ್ರಯೋಗಶಾಲೆಯಾಯಿತು. ಸಾರಿನ ಮೇಲೆ ತುಪ್ಪದ ಹನಿ ತೇಲಿಸಿ ಪ್ಲೇಗಿನ ಬ್ಯಾಕ್ಟೀರಿಯಾ ಬೆಳೆಸುವುದು, ಶಾಖದಿಂದ ಕೊಲ್ಲುವುದು, ಕಾರ್ಬಾಲಿಕ್ ಆಮ್ಲ ಬೆರೆಸಿ ಅನ್ಯ ಸೂಕ್ಷ್ಮಜೀವಿಗಳನ್ನು ತಡೆಯುವುದು: ಇದು ಅವರ ವಿಧಾನ. 1897ರ ಜನವರಿ 10ರಂದು ಈ ಲಸಿಕೆಯನ್ನೂ ತಮ್ಮ ಮೇಲೆಯೇ ಮೊದಲು ಪರೀಕ್ಷಿಸಿಕೊಂಡರು. ಬೇಡಿಕೆ ಬೆಳೆದಂತೆ ಪ್ರಯೋಗಶಾಲೆ 1899ರಲ್ಲಿ ಪರೇಲಿನ ಹಳೆಯ ಸರ್ಕಾರಿ ಭವನಕ್ಕೆ ಸ್ಥಳಾಂತರಗೊಂಡಿತು.

ಉತ್ಪಾದನೆಯನ್ನು ಹೆಚ್ಚಿಸಲೆಂದು ಮುಂದೆ ಕಾರ್ಬಾಲಿಕ್ ಆಮ್ಲವನ್ನು ಕೈಬಿಟ್ಟು ಶಾಖವನ್ನಷ್ಟೇ ನೆಚ್ಚುವ ಕ್ರಮ ಜಾರಿಗೆ ಬಂತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ 107 ಮಂದಿಗೆ ಲಸಿಕೆ ಹಾಕಲಾಯಿತು. ಒಂದೇ ಶೀಸೆಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿಗೆ ಬಲಿಯಾದರು. ಉಳಿದವರಿಗೆ ಏನೂ ಆಗಲಿಲ್ಲ.

ಧನುರ್ವಾಯುವಿನ ಬ್ಯಾಕ್ಟೀರಿಯಾ ಗ್ರಾಂ ಪಾಸಿಟಿವ್ ವರ್ಗಕ್ಕೆ ಸೇರಿದ್ದು. 1884ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ರೂಪಿಸಿದ ಪರೀಕ್ಷೆಯಲ್ಲಿ ನೇರಳೆ ಬಣ್ಣವನ್ನು ಹಿಡಿದಿಟ್ಟುಕೊಳ್ಳುವ ದಪ್ಪ ಭಿತ್ತಿಯ ಜೀವಿಗಳಿವು. ಪ್ಲೇಗಿನ ಬ್ಯಾಕ್ಟೀರಿಯಾ ಅದನ್ನು ಬಿಟ್ಟುಕೊಡುತ್ತದೆ. ಧನುರ್ವಾಯುವಿನ ಬೀಜಾಣುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲವು, ಕುದಿಯುವ ನೀರಿನ ಶಾಖವನ್ನೂ ಕೆಲಕಾಲ ತಾಳಬಲ್ಲವು. ಗಾಳಿಯಿಲ್ಲದೆಡೆ ಮೊಳೆತು ಅವು ಸ್ರವಿಸುವ ವಿಷ ನರಗಳನ್ನು ಹಿಡಿಯುತ್ತದೆ. ಹೀಗಾಗಿ ಆಮ್ಲ ಕೈಬಿಟ್ಟದ್ದೇ ಅಪರಾಧವೆಂದು ವಿಚಾರಣಾ ಆಯೋಗ ಬಗೆಯಿತು. ಹಾಫ್ಕಿನ್ 1904ರಲ್ಲಿ ಪರೇಲ್ ತೊರೆದು ಲಂಡನ್ನಿಗೆ ಹೋಗಬೇಕಾಯಿತು.

ಆದರೆ ಸಾಕ್ಷ್ಯ ಬೇರೆಯದನ್ನೇ ಹೇಳುತ್ತಿತ್ತು. ಹಳ್ಳಿಯಲ್ಲಿ ಶೀಸೆ ತೆರೆಯುವಾಗ ಸಹಾಯಕನ ಕೈಯಿಂದ ಚಿಮುಟ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಯಲ್ಲಿ ಕಾಯಿಸದೆ ಕಾರ್ಬಾಲಿಕ್ ದ್ರಾವಣದಲ್ಲಿ ಅದ್ದಿ ಬಳಸಲಾಗಿತ್ತು. ಶೀಸೆ ಪರೇಲಿನಲ್ಲೇ ಕಲುಷಿತಗೊಂಡಿದ್ದರೆ, 41 ದಿನಗಳಲ್ಲಿ ಬೆಳೆದ ಸೂಕ್ಷ್ಮಜೀವಿಗಳ ದುರ್ಗಂಧ ಬಡಿಯಬೇಕಿತ್ತು. ಆದರೆ ತೆರೆದವರಿಗೆ ಅಂಥ ವಾಸನೆ ಬಂದಿರಲಿಲ್ಲ. ಮಲೇರಿಯಾ ಸಂಶೋಧನೆಗೆ ನೊಬೆಲ್ ಪಡೆದಿದ್ದ ರೊನಾಲ್ಡ್ ರಾಸ್ ಸೇರಿದಂತೆ ಹತ್ತು ಮಂದಿ ವಿಜ್ಞಾನಿಗಳು 1907ರ ಜುಲೈನಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಪತ್ರ ಬರೆದು ಅವರ ಪರ ನಿಂತರು. ಅದೇ ವರ್ಷ ಸರ್ಕಾರ ಅವರಿಗೆ ಮತ್ತೆ ಕೆಲಸ ನೀಡಲು ಒಪ್ಪಿತು. ಆದರೆ ಪರೇಲಿನ ಸ್ಥಾನ ಮರಳಿ ಸಿಗಲಿಲ್ಲ. ಕಲ್ಕತ್ತೆಯಲ್ಲಿ ದುಡಿದು ನಿವೃತ್ತರಾದ ಹಾಫ್ಕಿನ್ 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡರು.

ಪರೇಲಿನ ಸಂಸ್ಥೆಗೆ 1925ರಲ್ಲೇ ಅವರ ಹೆಸರಿಡಲಾಗಿತ್ತು. 1964ರಲ್ಲಿ ಭಾರತ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು. ಗೌರವ ತಡವಾಗಿಯಾದರೂ ಸಂದಿತು. ಮುಲ್ಕೋವಾಲದ 19 ಜೀವಗಳು ಮಾತ್ರ ಮರಳಲಿಲ್ಲ, ಅವರ ಸಾವನ್ನು ಮರೆಯುವಂತೆಯೂ ಇಲ್ಲ. ದುರಂತ ಸಂಭವಿಸಿದಾಗ ತಪ್ಪು ಎಲ್ಲಿ ನಡೆಯಿತೆಂದು ಹುಡುಕುವುದು ಒಂದು ಕೆಲಸ, ಯಾರ ತಲೆಗೆ ಕಟ್ಟಬಹುದೆಂದು ಹುಡುಕುವುದು ಇನ್ನೊಂದು. ಮೊದಲನೆಯದು ಮುಂದಿನ ಜೀವಗಳನ್ನು ಉಳಿಸುತ್ತದೆ. ಎರಡನೆಯದು ಕಡತವನ್ನಷ್ಟೇ ಮುಚ್ಚುತ್ತದೆ. ಲಸಿಕೆಗಳ ಬಗ್ಗೆ ಸಂಶಯ ಮತ್ತೆ ಮತ್ತೆ ತಲೆಯೆತ್ತುವ ನಮ್ಮ ಕಾಲದಲ್ಲಿ ಈ ವ್ಯತ್ಯಾಸ ನೆನಪಿರಬೇಕು.