ಇಬ್ರಾಹಿಂ ರೋಜಾದ ಅರಸ

ವಿಜಯಪುರಕ್ಕೆ ಒಂದು ದಿನದ ಪ್ರವಾಸ ಹೋಗುವ ವಿದ್ಯಾರ್ಥಿಗಳು ಗೋಲಗುಮ್ಮಟದ ಪ್ರತಿಧ್ವನಿ ಕೇಳಿ ಹಿಂದಿರುಗುವುದುಂಟು. ಊರಿನ ಪಶ್ಚಿಮಕ್ಕಿರುವ ಇಬ್ರಾಹಿಂ ರೋಜಾವನ್ನು ನೋಡದೆ ಬರುವುದು ನಷ್ಟವೇ ಸರಿ.

ಅಲ್ಲಿ ಮಲಗಿರುವವನು ಎರಡನೆಯ ಇಬ್ರಾಹಿಂ ಆದಿಲ್‌ಶಾಹ. 1580ರಲ್ಲಿ ಪಟ್ಟವೇರಿದಾಗ ಅವನಿನ್ನೂ ಬಾಲಕ. ಹಿಂದಿನ ಸುಲ್ತಾನನ ರಾಣಿ ಚಾಂದಬೀಬಿ ಅವನ ರಕ್ಷಣೆಗೆ ನಿಂತಳು. ಮುಂದೆ ಬೀದರನ್ನು ಗೆದ್ದುಕೊಂಡನಾದರೂ ಅವನ ಮನಸ್ಸು ನೆಲೆಸಿದ್ದು ಸಂಗೀತದಲ್ಲಿ. ದಖನಿ ಭಾಷೆಯಲ್ಲಿ ಹಾಡುಗಳನ್ನು ಕಟ್ಟಿ ‘ಕಿತಾಬ್-ಎ-ನವರಸ್’ ರಚಿಸಿದನು. ಅದರಲ್ಲಿ ಸರಸ್ವತಿಯನ್ನೂ ಸ್ತುತಿಸಿದನು. ಜನರು ಅವನನ್ನು ಜಗದ್ಗುರುವೆಂದು ಕರೆದರು. ಅವನು ಕಟ್ಟಿಸತೊಡಗಿದ ನವರಸಪುರವನ್ನು 1624ರಲ್ಲಿ ಮಲಿಕ್ ಅಂಬರನ ಸೇನೆ ಹಾಳುಗೆಡವಿತು. 1627ರಲ್ಲಿ ಅರಸನೂ ಮಡಿದನು.

ರಾಣಿ ತಾಜ್ ಸುಲ್ತಾನಳಿಗೆಂದು ಎದ್ದ ಕಟ್ಟಡ ಅವನಿಗೇ ಸಮಾಧಿಯಾಯಿತೆಂದು ಹೇಳುತ್ತಾರೆ. ಅಲ್ಲಿಯ ಕಿಟಕಿಗಳ ಕಲ್ಲಿನ ಜಾಲಂಧ್ರಗಳೆಲ್ಲ ಅಕ್ಷರಗಳು. ಬೆಳಕು ಅವುಗಳ ಸಂದಿಯಿಂದಲೇ ಒಳಬರಬೇಕು.