ಎತ್ತರದ ಸೀಟನ್ನು ಕೆಳಗಿಳಿಸಿದವನು: ಜಾನ್ ಕೆಂಪ್ ಸ್ಟಾರ್ಲಿ

ಹಾಸ್ಟೆಲ್ ಶೆಡ್‌ನಲ್ಲಿ ನಿಂತಿರೋ ಯಾವ ಸೈಕಲ್ ಬೇಕಾದ್ರೂ ನೋಡಿ. ಎರಡೂ ಚಕ್ರ ಒಂದೇ ಸೈಜು, ಪೆಡಲ್ ನಡುವೆ, ಅಲ್ಲಿಂದ ಚೈನು ಹಿಂದಿನ ಚಕ್ರಕ್ಕೆ. ಸೈಕಲ್ ಅಂದ್ರೆ ಹೀಗಲ್ಲದೆ ಇನ್ನು ಹೇಗಿರುತ್ತೆ ಅನ್ಸುತ್ತೆ. ಆದರೆ ಈ ಆಕಾರ ಜನರ ಕೈಗೆ ಬಂದು ನೆಲೆ ನಿಂತಿದ್ದು 1885ರ ನಂತರ, ಅದಕ್ಕೆ ಮುಖ್ಯ ಕಾರಣ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ.

ಸ್ಟಾರ್ಲಿ ಹುಟ್ಟಿದ್ದು 1854ರಲ್ಲಿ, ಲಂಡನ್ ಪಕ್ಕದ ವಾಲ್ತಮ್‌ಸ್ಟೋದಲ್ಲಿ. ಅಪ್ಪ ತೋಟದ ಮಾಲಿ. 1872ರಲ್ಲಿ, ಇನ್ನೂ ಹದಿನೆಂಟು ತುಂಬೋ ಮುಂಚೆಯೇ, ಕೆಲಸಕ್ಕೆ ಅಂತ ಕಾವೆಂಟ್ರಿ ಊರಿಗೆ ಬಂದ. ಅಲ್ಲಿ ಅವನ ಅಂಕಲ್ ಜೇಮ್ಸ್ ಸ್ಟಾರ್ಲಿ ಆಗಲೇ ದೊಡ್ಡ ಹೆಸರು. ಹೊಲಿಗೆ ಯಂತ್ರದಿಂದ ಸೈಕಲ್ಲಿಗೆ ಬಂದವನು. ರೇಷ್ಮೆ ರಿಬ್ಬನ್ ನೇಯ್ಗೆ ಬಿದ್ದುಹೋಗಿ ಕಷ್ಟದಲ್ಲಿದ್ದ ಕಾವೆಂಟ್ರಿಗೆ ಸೈಕಲ್ಲೇ ಹೊಸ ಅನ್ನ ಕೊಡ್ತಾ ಇತ್ತು. ಹುಡುಗ ಅಲ್ಲಿ ಏರಿಯಲ್ ಅನ್ನೋ ಸೈಕಲ್ ಜೋಡಿಸೋದನ್ನ ಕಲಿತ.

ಏರಿಯಲ್ ಅಂದ್ರೆ ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟಾಣಿ ಚಕ್ರ, ಆ ಪೆನ್ನಿ ಫಾರ್ದಿಂಗ್ ಜಾತಿಯದು. ಅದು ನೋಡೋಕೆ ತಮಾಷೆ, ಆದರೆ ಅದರ ಹಿಂದೆ ಲೆಕ್ಕ ಇದೆ. ಪೆಡಲ್ ನೇರವಾಗಿ ಮುಂದಿನ ಚಕ್ರಕ್ಕೇ ಕೂತಿರುತ್ತೆ, ಹಾಗಾಗಿ ಒಂದು ಸುತ್ತು ತುಳಿದರೆ ಚಕ್ರವೂ ಒಂದೇ ಸುತ್ತು. ಸ್ಪೀಡ್ ಬೇಕು ಅಂದ್ರೆ ಚಕ್ರ ದೊಡ್ಡದು ಮಾಡ್ಲೇಬೇಕು. ಎಷ್ಟು ದೊಡ್ಡದು? ಕಾಲು ನಿಲುಕುವಷ್ಟು. ಅಂದ್ರೆ ನಿಮ್ಮ ಕಾಲಿನ ಉದ್ದವೇ ನಿಮ್ಮ ಗೇರ್ ರೇಷಿಯೊ! ಕುಳ್ಳಗಿರೋರ ಕಥೆ ಅಷ್ಟೇ. ಮುಂದಿನ ಚಕ್ರಕ್ಕೆ ಕಲ್ಲು ಅಡ್ಡ ಬಂದ್ರೆ ಸವಾರ ತಲೆಕೆಳಗಾಗಿ ಮುಂದಕ್ಕೆ ಹಾರ್ತಿದ್ದ. ಉದ್ದ ಸ್ಕರ್ಟಿನ ಹೆಂಗಸರು, ವಯಸ್ಸಾದವರು, ಸಾಮಾನು ಹೊರೋರು, ಇವರಿಗೆಲ್ಲ ಅದು ದೂರದ ಮಾತು. ಗಟ್ಟಿಮುಟ್ಟಾದ ಹುಡುಗರ ಆಟದ ವಸ್ತು ಆಗಿತ್ತೇ ಹೊರತು, ದಿನಾ ಕೆಲಸಕ್ಕೆ ಹೋಗಿ ಬರೋ ಗಾಡಿ ಆಗಿರಲಿಲ್ಲ.

1870ರ ದಶಕದ ಕೊನೆಗೆ ಸ್ಟಾರ್ಲಿ, ವಿಲಿಯಂ ಸಟನ್ ಜೊತೆ ಸೇರಿ ಸ್ವಂತ ಕಂಪನಿ ಶುರು ಮಾಡಿದ. ಮೊದಲು ಮಾಡಿದ್ದು ಹೆಚ್ಚಾಗಿ ಟ್ರೈಸಿಕಲ್. ರೋವರ್ ಅನ್ನೋ ಹೆಸರು ಬಂದಿದ್ದೂ ಆಗಲೇ. ಆಮೇಲೆ 1885ರ ಆರಂಭದಲ್ಲಿ ಲಂಡನ್ನಿನ ಸ್ಟ್ಯಾನ್ಲಿ ಶೋನಲ್ಲಿ ರೋವರ್ ಸೇಫ್ಟಿ ಬೈಸಿಕಲ್ ಇಟ್ಟ.

ನನಗೆ ಇಷ್ಟ ಆಗೋದು ಅವನು ಯೋಚನೆ ಮಾಡಿದ ಕ್ರಮ. ಮೊದಲು ಸೈಕಲ್ ಅಲ್ಲ, ಮನುಷ್ಯ. ಸವಾರ ನೆಲದಿಂದ ಎಷ್ಟು ಎತ್ತರದಲ್ಲಿರಬೇಕು, ಪೆಡಲ್‌ಗೆ ಹೋಲಿಸಿದ್ರೆ ಸೀಟು ಎಲ್ಲಿ ಬರಬೇಕು, ಹ್ಯಾಂಡಲ್ ಎಲ್ಲಿದ್ರೆ ಕಾಲಿನ ಬಲ ಪೂರ್ತಿ ಪೆಡಲ್‌ಗೆ ಇಳಿಯುತ್ತೆ, ಇದನ್ನೆಲ್ಲ ನಿರ್ಧಾರ ಮಾಡಿ, ಉಳಿದದ್ದನ್ನ ಅದರ ಸುತ್ತ ಕಟ್ಟಿದ. ಜನ ಬೇರೆ ಬೇರೆ ಅಳತೆಯವರು, ಅದಕ್ಕೆ ಸೀಟು, ಹ್ಯಾಂಡಲ್ ಎರಡನ್ನೂ ಹೊಂದಿಸೋ ಹಾಗೆ ಮಾಡಿದ. ಇವತ್ತು ಯಾರಾದ್ರೂ ಕಾಲೇಜಿಗೆ, ಮಾರ್ಕೆಟ್ಟಿಗೆ ಅಂತ ಪಾರ್ಟ್ ತಂದು ತಮಗೆ ಬೇಕಾದ ಸೈಕಲ್ ಕಟ್ಟಿಕೊಳ್ಳೋಕೆ ಕೂತ್ರೆ ಮೊದಲು ಅಳೆಯೋದು ಇವನ್ನೇ.

ಇನ್ನು ಚೈನು. ಹಿಂದಿನ ಚಕ್ರ 30 ಇಂಚು ಅಂತ ಇಟ್ಕೊಳ್ಳಿ. ಪೆಡಲ್ ಹತ್ರ 36 ಹಲ್ಲು, ಹಿಂದೆ 20 ಹಲ್ಲು ಇದ್ರೆ ರೇಷಿಯೊ 1.8. ಮೂವತ್ತನ್ನ 1.8ರಿಂದ ಗುಣಿಸಿದ್ರೆ 54. ಅಂದ್ರೆ 54 ಇಂಚಿನ ದೈತ್ಯ ಚಕ್ರ ಹತ್ತಿದಷ್ಟೇ ದೂರ ಹೋಗ್ತೀರಿ, ಆದರೆ ಕಾಲು ಚಾಚಿದ್ರೆ ನೆಲ ಸಿಗುತ್ತೆ. ಸೈಕಲ್ಲಿನೋರು ಈಗಲೂ ಗೇರ್ ಇಂಚು ಅನ್ನೋ ಅಳತೆ ಬಳಸೋದು ಆ ದೊಡ್ಡ ಚಕ್ರದ ನೆನಪಲ್ಲೇ. ಏರು ಜಾಸ್ತಿ ಇರೋ ಊರು, ಕ್ಯಾರಿಯರ್ ಮೇಲೆ ಅಕ್ಕಿ ಮೂಟೆ ಅಂದ್ರೆ ಹಿಂದಿನ ಹಲ್ಲುಚಕ್ರ ಬದಲಾಯಿಸಿದ್ರೆ ಮುಗೀತು, ಕಾಲು ಬದಲಾಯಿಸಬೇಕಿಲ್ಲ.

ಚೈನ್ ಸೈಕಲ್ ಮೊದಲು ಮಾಡಿದ್ದು ಸ್ಟಾರ್ಲಿ ಅಲ್ಲ ಅನ್ನೋದನ್ನೂ ಹೇಳ್ಬೇಕು. ಹ್ಯಾರಿ ಲಾಸನ್ 1879ರಲ್ಲೇ ಒಂದು ಮಾಡಿದ್ದ, ಅದು ಓಡಲಿಲ್ಲ, ಅಂದ್ರೆ ಮಾರ್ಕೆಟ್ಟಲ್ಲಿ. ಸ್ಟಾರ್ಲಿಯ ಮೊದಲ ಮಾಡೆಲ್ ಕೂಡ ಪರ್ಫೆಕ್ಟ್ ಏನಲ್ಲ: ಮುಂದೆ 36 ಇಂಚಿನ ಚಕ್ರ, ಹ್ಯಾಂಡಲ್‌ನಿಂದ ಫೋರ್ಕ್‌ಗೆ ಸರಳು ಜೋಡಿಸಿದ ಸುತ್ತುಬಳಸಿನ ಸ್ಟಿಯರಿಂಗ್. ಸ್ವಲ್ಪ ದಿನದಲ್ಲೇ ಅದನ್ನ ತೆಗೆದು ಫೋರ್ಕನ್ನ ಓರೆಯಾಗಿಸಿ ಹ್ಯಾಂಡಲ್ ನೇರವಾಗಿ ಕೂರಿಸಿದ. ಜನ ನಂಬಬೇಕಲ್ಲ, ಅದಕ್ಕೆ 1885ರ ಸೆಪ್ಟೆಂಬರ್‌ನಲ್ಲಿ 100 ಮೈಲಿ ರೇಸ್ ಇಟ್ಟ. ರೋವರ್ ಹತ್ತಿದ ಜಾರ್ಜ್ ಸ್ಮಿತ್ 7 ಗಂಟೆ 5 ನಿಮಿಷದಲ್ಲಿ ಮುಗಿಸಿ ದಾಖಲೆ ಮಾಡಿದ. ಕುಳ್ಳ ಸೈಕಲ್ ಅಂತ ನಗೋರ ಬಾಯಿ ಮುಚ್ಚೋಕೆ ಇದಕ್ಕಿಂತ ಒಳ್ಳೆ ದಾರಿ ಇರಲಿಲ್ಲ.

ಒಂದು ತೊಂದರೆ ಉಳಿದಿತ್ತು. ಚಕ್ರ ಚಿಕ್ಕದು, ಟೈರು ಗಟ್ಟಿ ರಬ್ಬರು, ಹಾಗಾಗಿ ಕುಲುಕಾಟ ವಿಪರೀತ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ತಂದ ಮೇಲೆ ಅದೂ ಬಗೆಹರಿದು, ಕೆಲವೇ ವರ್ಷದಲ್ಲಿ ಎತ್ತರದ ಸೈಕಲ್ ಮೂಲೆ ಸೇರಿತು. ಅದೇ ವರ್ಷ ಸ್ಟಾರ್ಲಿ ಬ್ಯಾಟರಿಯ ಮೂರು ಚಕ್ರದ ಗಾಡಿಯನ್ನೂ ಮಾಡಿ ನೋಡಿದ, ಮಾರಾಟಕ್ಕೆ ಬರಲಿಲ್ಲ.

1896ರಲ್ಲಿ ಕಂಪನಿ ರೋವರ್ ಸೈಕಲ್ ಕಂಪನಿ ಆಯ್ತು. 1901ರ ಅಕ್ಟೋಬರ್‌ನಲ್ಲಿ ಸ್ಟಾರ್ಲಿ ತೀರಿಕೊಂಡ, ಬರೀ 46 ವರ್ಷ. ಕಂಪನಿ ಮೊದಲ ಕಾರು ಮಾಡಿದ್ದು 1904ರಲ್ಲಿ, ಅವನು ಅದನ್ನ ನೋಡಲಿಲ್ಲ. 1948ರಲ್ಲಿ ಲ್ಯಾಂಡ್ ರೋವರ್ ಬಂತು, 2008ರಿಂದ ಅದು ನಮ್ಮ ಟಾಟಾ ಕೈಯಲ್ಲಿದೆ. ಆದರೆ ಪೋಲೆಂಡಿನಲ್ಲಿ ರೋವರ್ ಅಂದ್ರೆ ಕಾರು ಅಲ್ಲ. ಅವರ ಭಾಷೆಯಲ್ಲಿ ಸೈಕಲ್ಲಿಗೆ ಇರೋ ಪದವೇ ರೋವೆರ್, ಯಾವ ಕಂಪನಿಯ ಸೈಕಲ್ ಆಗಿದ್ರೂ ಸರಿ.