ಕ್ರಿಸ್ತಪುರಾಣದ ಫಾದರ್ ಥಾಮಸ್ ಸ್ಟೀಫನ್ಸ್



ಈ ಬೆಟ್ಟ ಹತ್ತಿ ಬರುವವರಲ್ಲಿ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಕಡೆಯವರು ಬಹಳ. ಮನೆಯಲ್ಲಿ ಕೊಂಕಣಿ, ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ ಅಂತ ಬದುಕುವ ಜನ ನಾವು. ಜೋಯಿಡಾ ಕಾಡು ದಾಟಿದರೆ ಗೋವಾ. ಆ ಗೋವಾದಲ್ಲಿ ನಾಲ್ಕು ನೂರು ವರ್ಷಗಳ ಹಿಂದೆ ನಮ್ಮ ಹಿರಿಯರ ಮಾತಿನಲ್ಲೇ ಯೇಸುಸ್ವಾಮಿಯ ಕಥೆ ಬರೆದ ಗುರುಗಳೊಬ್ಬರಿದ್ದರು. ಅವರು ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಒಮ್ಮೆ ಬಿಟ್ಟ ಮೇಲೆ ಆ ಊರಿಗೆ ಅವರು ತಿರುಗಿ ಹೋಗಲೇ ಇಲ್ಲ.

ಥಾಮಸ್ ಸ್ಟೀಫನ್ಸ್ ಹುಟ್ಟಿದ್ದು 1549ರ ಸುಮಾರಿಗೆ. ತಂದೆ ಲಂಡನ್ನಿನ ವ್ಯಾಪಾರಿ. ಅವರು ಯುವಕರಾಗಿದ್ದಾಗ ಎಲಿಜಬೆತ್ ರಾಣಿಯ ಆಳ್ವಿಕೆ. ಕಥೋಲಿಕ ಬಲಿಪೂಜೆಗೆ ಅಲ್ಲಿ ನಿಷೇಧವಿತ್ತು, ನಡೆದರೂ ಕದ್ದುಮುಚ್ಚಿ ನಡೆಯಬೇಕು. ಥಾಮಸ್ ಪೌಂಡ್ ಎಂಬ ಶ್ರೀಮಂತ ಗೆಳೆಯನ ಜೊತೆ ಸೇವಕನ ವೇಷದಲ್ಲಿ ಇವರು ತಿರುಗಾಡುತ್ತಿದ್ದರು. ಇಬ್ಬರೂ ರೋಮಿಗೆ ಹೋಗಿ ಯೇಸುಸಭೆ ಸೇರಬೇಕೆಂದು ಮಾಡಿದ್ದರು. ಅಷ್ಟರಲ್ಲಿ ಪೌಂಡ್ ಸಿಕ್ಕಿಬಿದ್ದು ಸೆರೆಮನೆ ಸೇರಿದ, ಸುಮಾರು 30 ವರ್ಷ ಅಲ್ಲೇ ಕಳೆದ. ಸ್ಟೀಫನ್ಸ್ ಒಬ್ಬರೇ ಹೊರಟು 1575ರಲ್ಲಿ ರೋಮಿನಲ್ಲಿ ಯೇಸುಸಭೆ ಸೇರಿದರು.

1579ರ ಏಪ್ರಿಲ್ 4ರಂದು ಲಿಸ್ಬನ್ನಿನಲ್ಲಿ ಹಡಗು ಹತ್ತಿದರು. ಅಕ್ಟೋಬರ್ 24ಕ್ಕೆ ಗೋವಾ ಮುಟ್ಟಿದರು. ಆರು ತಿಂಗಳ ಮೇಲೆ ಸಮುದ್ರದಲ್ಲೇ! ಒಸಡು ಊದಿ, ಕಾಲು ಬಾತು ಜನ ನರಳಿದ್ದನ್ನು ತಂದೆಗೆ ಬರೆದ ಕಾಗದದಲ್ಲಿ ತಿಳಿಸಿದ್ದಾರೆ. ಭಾರತಕ್ಕೆ ಬಂದು ನೆಲೆಸಿದ ಮೊದಲ ಇಂಗ್ಲಿಷಿನವರು ಎಂದು ಇವರನ್ನೇ ಹೇಳುತ್ತಾರೆ. ಮರುವರ್ಷ ಗುರುದೀಕ್ಷೆಯಾಯಿತು. 1585ರಲ್ಲಿ ಇಂಗ್ಲೆಂಡಿನಲ್ಲಿ ಹೊಸ ಕಾನೂನು ಬಂದು, ಅಂಥ ಗುರುಗಳು ಸ್ವದೇಶಕ್ಕೆ ಕಾಲಿಟ್ಟರೆ ರಾಜದ್ರೋಹ, ಅದಕ್ಕೆ ಮರಣದಂಡನೆ ಎಂದಾಯಿತು. ಅಲ್ಲಿಗೆ ಊರಿನ ಬಾಗಿಲು ಮುಚ್ಚಿದ ಹಾಗೇ.

ಅವರ ಸೇವೆ ಬಹುತೇಕ ನಡೆದದ್ದು ಗೋವಾದ ಸಾಸಷ್ಟಿಯಲ್ಲಿ, ಅಂದ್ರೆ ಮಡಗಾಂವ್ ಸುತ್ತಿನ ಹಳ್ಳಿಗಳಲ್ಲಿ. ಅದು ಕೆಟ್ಟ ಕಾಲ. ಪೋರ್ಚುಗೀಸರು ಅಲ್ಲಿಯ ಗುಡಿಗಳನ್ನು ಕೆಡವಿದ್ದರು, ಜನರ ಹೊಟ್ಟೆಯಲ್ಲಿ ಬೆಂಕಿಯಿತ್ತು. 1583ರ ಜುಲೈಯಲ್ಲಿ ಕುಂಕಳ್ಳಿಯಲ್ಲಿ ಯೇಸುಸಭೆಯ ಐವರನ್ನು ಊರವರು ಕೊಂದರು. ಶವಗಳನ್ನು ತಂದು ಮಣ್ಣು ಮಾಡುವ ಕೆಲಸದಲ್ಲಿ ಸ್ಟೀಫನ್ಸ್ ಇದ್ದರು. ಆಮೇಲೆ ಪೋರ್ಚುಗೀಸರು ಊರಿನ ಮುಖಂಡರನ್ನು ಕೊಂದು ಸೇಡು ತೀರಿಸಿಕೊಂಡರು. ಎರಡೂ ಕಡೆಯ ಸಾವನ್ನು ಹೇಳದೆ ಈ ಚರಿತ್ರೆ ಬರೆಯುವುದು ಸರಿಯಲ್ಲ ಅಂತ ನನಗೆ ಅನಿಸುತ್ತದೆ. ಅಂಥಾ ದಿನಗಳಲ್ಲೂ ಗುರುಗಳು ಹಳ್ಳಿ ಬಿಡಲಿಲ್ಲ, ಜನರ ಭಾಷೆ ಕಲಿತರು. ಈ ನಾಡಿನ ಭಾಷೆಗಳ ರಚನೆ ಗ್ರೀಕ್, ಲ್ಯಾಟಿನ್ ಭಾಷೆಗಳನ್ನು ಹೋಲುತ್ತದೆ ಎಂದು ಅದೇ ವರ್ಷ ಅಣ್ಣತಮ್ಮಂದಿರಲ್ಲೊಬ್ಬರಿಗೆ ಕಾಗದ ಬರೆದರು. ದೊಡ್ಡ ಪಂಡಿತರು ಆ ಮಾತು ಆಡಿದ್ದು ಇನ್ನೂರು ವರ್ಷ ಕಳೆದ ಮೇಲೆ.

ಆ ಸಮಯದಲ್ಲೇ ರಾಲ್ಫ್ ಫಿಚ್ ಮೊದಲಾದ ನಾಲ್ವರು ಇಂಗ್ಲಿಷರು ಗೋವಾದ ಜೈಲಿಗೆ ಬಿದ್ದರು. ತಮ್ಮನ್ನು ದೂರ ಮಾಡಿದ ದೇಶದವರೆಂದು ಸ್ಟೀಫನ್ಸ್ ಕೈಬಿಡಲಿಲ್ಲ, ಓಡಾಡಿ ಅವರನ್ನು ಬಿಡಿಸಿದರು. ಫಿಚ್ ಮುಂದೆ 1584ರಲ್ಲಿ ಗೋವಾದಿಂದ ತಪ್ಪಿಸಿಕೊಂಡು ನಮ್ಮ ಬೆಳಗಾವಿ ಮೇಲೆ ಹಾಯ್ದು ವಿಜಾಪುರಕ್ಕೆ ಹೋದ.

ಈಗ ಪುರಾಣದ ಸಂಗತಿ. ಹೊಸದಾಗಿ ಕ್ರೈಸ್ತರಾದವರ ಹಳೆಯ ಪೋಥಿಗಳನ್ನು ಅಧಿಕಾರಿಗಳು ಕಿತ್ತುಕೊಂಡಿದ್ದರು. ಪುರಾಣ ಕೇಳಿ ಬೆಳೆದ ಜನ ಅವರು. ಅದಿಲ್ಲದೆ ಸಂಜೆ ಹೊತ್ತು ಹೇಗೆ ಹೋಗಬೇಕು? ನಮಗೂ ಅಂಥದೊಂದು ಕೊಡಿ ಎಂದು ಧರ್ಮೋಪದೇಶಕ್ಕೆ ಬಂದವರು ಗುರುಗಳನ್ನು ಕೇಳಿಕೊಂಡರು. ಗುರುಗಳು ಗದರಿಸಲಿಲ್ಲ, ಬರೆಯಲು ಕೂತರು. ಜ್ಞಾನೇಶ್ವರ, ಏಕನಾಥರು ಬಳಸಿದ ಓವಿ ಛಂದಸ್ಸಿನಲ್ಲೇ, ಕೊಂಕಣಿ ಬೆರೆತ ಮರಾಠಿಯಲ್ಲಿ, ಹತ್ತು ಸಾವಿರಕ್ಕೂ ಹೆಚ್ಚು ಓವಿಗಳು! ಮೊದಲ ಭಾಗ ಹಳೇ ಒಡಂಬಡಿಕೆ, ಎರಡನೆಯದು ಯೇಸುಸ್ವಾಮಿಯ ಜೀವನ. ಸ್ವರ್ಗಕ್ಕೆ ವೈಕುಂಠ ಎಂದೇ ಬರೆದರು. ಕೇಳುವ ಅಜ್ಜಿಗೆ ಅರ್ಥವಾಗಬೇಕಲ್ಲ.

1616ರಲ್ಲಿ ಗೋವಾದ ರಾಯತೂರಿನಲ್ಲಿ ಅದು ರೋಮನ್ ಅಕ್ಷರದಲ್ಲಿ ಅಚ್ಚಾಯಿತು. ಮೂರು ವರ್ಷ ಕಳೆದು, 1619ರಲ್ಲಿ, ಗುರುಗಳು ಗೋವಾದಲ್ಲೇ ತೀರಿಕೊಂಡರು. ಅವರ ಕೊಂಕಣಿ ಧರ್ಮೋಪದೇಶ 1622ರಲ್ಲಿ, ಕೊಂಕಣಿ ವ್ಯಾಕರಣ 1640ರಲ್ಲಿ ಹೊರಬಂದವು. ಎರಡನ್ನೂ ಅವರು ಕಣ್ಣಾರೆ ನೋಡಲಿಲ್ಲ.

1684ರಲ್ಲಿ ಪೋರ್ಚುಗೀಸ್ ಸರ್ಕಾರ ಮೂರು ವರ್ಷದೊಳಗೆ ಕೊಂಕಣಿ ಬಿಟ್ಟು ಪೋರ್ಚುಗೀಸ್ ಮಾತಾಡಿರಿ ಅಂತ ಹುಕುಂ ಹೊರಡಿಸಿತು. ಆ ಹುಕುಂ ಏನಾಯಿತೆಂದು ನಿಮ್ಮ ಮನೆಯ ಮಾತೇ ಹೇಳುತ್ತದೆ. ಪುರಾಣದ ಅಚ್ಚಿನ ಪ್ರತಿಗಳು ಮಾತ್ರ ಕಾಣೆಯಾದವು. ಉಳಿಸಿದವರು ಮನೆಮನೆಯ ಜನ, ಕೈಯಿಂದ ನಕಲು ಮಾಡಿಕೊಂಡು. ಗೋವಾ ಬಿಟ್ಟು ಕೆನರಾ ಕಡೆ ಬಂದ ಕುಟುಂಬಗಳಲ್ಲೂ ಅಂಥ ಪ್ರತಿಗಳಿದ್ದವು. 1907ರಲ್ಲಿ ಮಂಗಳೂರಿನ ಜೋಸೆಫ್ ಸಲ್ಡಾನಾ ಅವರು ಕೈಬರಹದ ಪ್ರತಿಗಳನ್ನು ಹೋಲಿಸಿ ನೋಡಿ ಮತ್ತೆ ಅಚ್ಚು ಹಾಕಿಸಿದರು. ಮುಂದೆ ದೇವನಾಗರಿಯ ಒಂದು ಪ್ರತಿ ಲಂಡನ್ನಿನಲ್ಲೇ ಸಿಕ್ಕಿತು, ಗುರುಗಳ ತಂದೆ ವ್ಯಾಪಾರ ಮಾಡುತ್ತಿದ್ದ ಊರಿನಲ್ಲಿ.

ಹಳೇ ಗೋವಾಕ್ಕೆ ಸಂತ ಕ್ಸೇವಿಯರರ ದರ್ಶನಕ್ಕೆ ಹೋಗುವವರು ಮಡಗಾಂವ್‌ನಲ್ಲಿ ಇಳಿದರೆ ರಾಯತೂರು ಹತ್ತಿರವೇ. ಈ ಪುರಾಣ ಅಚ್ಚಾದ ಊರು ಅದು. ಒಂದು ಗಳಿಗೆ ಬಿಡುವು ಮಾಡಿಕೊಂಡು ಹೋಗಿ ಬರಬಹುದು.